ಅಳುವ ಗಂಡಸನ್ನು ನಂಬದ ಸೀಮೆಯಲ್ಲಿ

ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು ಎಂಬ ಗಾದೆ ಕೂಡ್ಲಿಗಿ, ಕೊಟ್ಟೂರು, ಹಡಗಲಿ ಸೀಮೆಯ ದೊಡ್ಡವರ ಬಾಯಲ್ಲಿ ಇನ್ನೂ ಸಲೀಸಾಗಿ ಬರುತ್ತದೆ. ಇದರ ಮೊದಲರ್ಧವನ್ನು ಹೆಣ್ಣುಮಕ್ಕಳು ಪ್ರಶ್ನಿಸಿದ್ದಾರೆ. ನ್ಯಾಯವಾಗಿಯೇ ಪ್ರಶ್ನಿಸಿದ್ದಾರೆ. ಎರಡನೆಯ ಅರ್ಧ ಮಾತ್ರ ಯಾರ ತಕರಾರಿಗೂ ಸಿಗದೆ ಹಾಗೇ ಉಳಿದುಕೊಂಡಿದೆ. ಅದು ಮನೆಮನೆಯಲ್ಲಿ ಮಾಡುತ್ತಿರುವ ಹಾನಿ ಸಣ್ಣದಲ್ಲ.

ಇದೇ ಸೀಮೆಯ ಗುಡೇಕೋಟೆ ಧೈರ್ಯಕ್ಕೆ ಹೆಸರಾದ ಊರು. ಹೆಬ್ಬಂಡೆಗಳ ನಡುವೆ ಪಾಳೆಯಗಾರರ ಕೋಟೆ, ಸುತ್ತ ಕರಡಿಗಳು ಓಡಾಡುವ ಕುರುಚಲು ಕಾಡು. ಚಿತ್ರದುರ್ಗದ ಒನಕೆ ಓಬವ್ವ ಈ ಊರಿನ ಮಗಳು ಎಂದು ಇಲ್ಲಿಯವರು ಅಭಿಮಾನದಿಂದ ಹೇಳುತ್ತಾರೆ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾಗ ನೀರಿಗೆಂದು ಹೋದವಳು, ಕಿಂಡಿಯಲ್ಲಿ ನುಸುಳಿ ಬರುತ್ತಿದ್ದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದು ಕೆಡವಿದ ಕಥೆ ಎಲ್ಲರಿಗೂ ಗೊತ್ತು. 2021ರಿಂದ ನವೆಂಬರ್ 11ರಂದು ಸರ್ಕಾರವೇ ಅವಳ ಜಯಂತಿ ಆಚರಿಸುತ್ತಿದೆ. ಆದರೆ ಆ ಕಥೆಗೆ ಎರಡು ಕೊನೆಗಳಿವೆ. ಶತ್ರು ಸೈನಿಕನೊಬ್ಬನ ಕೈಯಲ್ಲಿ ಅವಳು ಸತ್ತಳು ಎಂಬುದು ಒಂದು. ಸುತ್ತ ಬಿದ್ದ ಹೆಣಗಳನ್ನು ಕಂಡು, ನಡೆದದ್ದರ ಆಘಾತ ತಾಳಲಾರದೆ ಜೀವ ಬಿಟ್ಟಳು ಎಂಬುದು ಇನ್ನೊಂದು. ಜಯಂತಿಯ ಭಾಷಣಗಳಿಗೆ ಈ ಎರಡನೆಯ ಕೊನೆ ಒಗ್ಗುವುದಿಲ್ಲ. ವೀರವನಿತೆಗೆ ಆಘಾತವಾಯಿತು ಎಂದರೆ ಅವಳ ಎತ್ತರ ತಗ್ಗಿತು ಎಂದು ನಾವು ಭಾವಿಸುತ್ತೇವೆ. ನನಗೆ ಅವಳ ಮೇಲೆ ಗೌರವ ಹೆಚ್ಚುವುದೇ ಆ ಎರಡನೆಯ ಕೊನೆಯನ್ನು ಕೇಳಿದಾಗ. ಮನಸ್ಸು ತಾಳಲಾರದ ಕೆಲಸವನ್ನು ಊರು ಉಳಿಯಲಿ ಎಂದು ಮಾಡಿದವಳು ಅವಳು. ಏನೂ ಅನ್ನಿಸದೆ ಬಡಿದವಳಾಗಿದ್ದರೆ ಆ ಕೆಲಸದ ಬೆಲೆ ನಮಗೆ ತಿಳಿಯುತ್ತಲೇ ಇರಲಿಲ್ಲ.

ಕೈಲಾಗದ್ದನ್ನು, ಹೆದರಿಕೆಯನ್ನು, ನೋವನ್ನು ಇನ್ನೊಬ್ಬರೆದುರು ತೋರಿಸಿಕೊಂಡರೆ ಪ್ರೀತಿ ಉಳಿಯುತ್ತದೆಯೆ, ಗೌರವ ಉಳಿಯುತ್ತದೆಯೆ? ಇದು ಪುಸ್ತಕದ ಪ್ರಶ್ನೆಯಲ್ಲ. ಮಳೆಯನ್ನೇ ನೆಚ್ಚಿದ ಈ ಸೀಮೆಯಲ್ಲಿ ಒಂದು ಕೊಳವೆಬಾವಿ ಬತ್ತಿದರೆ, ಶೇಂಗಾ ಬೆಳೆ ಕೈಕೊಟ್ಟರೆ, ಗಂಡ ಎಂಬುವವನು ಮೊದಲು ಮಾಡುವ ಕೆಲಸ ಅದನ್ನು ಮನೆಯಲ್ಲಿ ಮುಚ್ಚಿಡುವುದು. ‘ಏನಾತು?’ ಎಂದು ಹೆಂಡತಿ ಕೇಳಿದರೆ ‘ಏನಿಲ್ಲ ಬಿಡು’ ಎಂಬ ಉತ್ತರ. ಮತ್ತೆ ಕೇಳಿದರೆ ‘ನಿನಗ್ಯಾಕ ಅದು’. ಎಷ್ಟು ಸಾಲ, ಯಾರ ಹತ್ತಿರ, ಯಾವಾಗಿನಿಂದ ಎಂಬುದು ಕೆಲವು ಮನೆಗಳಲ್ಲಿ ಹೆಂಡತಿಗೆ ತಿಳಿಯುವುದು ಗಂಡ ಹೋದಮೇಲೆ, ಸಾಲ ಕೊಟ್ಟವರು ಬಾಗಿಲಿಗೆ ಬಂದಾಗ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ನೂರಕ್ಕೆ ಸುಮಾರು 72 ಮಂದಿ ಗಂಡಸರು. ರೈತರು ಮತ್ತು ಕೃಷಿ ಕೂಲಿಗಳೇ 11,290. ಪ್ರತಿ ಸಾವಿಗೂ ಅದರದೇ ಆದ ಹಲವು ಕಾರಣಗಳಿರುತ್ತವೆ. ಸಾಲವೇ ಕಾರಣ, ಮೌನವೇ ಕಾರಣ ಎಂದು ಒಂದೇ ಗೆರೆ ಎಳೆಯುವುದು ಸತ್ತವರಿಗೆ ಮಾಡುವ ಅನ್ಯಾಯ. ಆದರೂ ಮನಸ್ಸು ಕುಸಿಯುತ್ತಿರುವಾಗ ಬಾಯಿ ಬಿಡಬಾರದು ಎಂದು ಕಲಿಸುವ ಗಾದೆ ಯಾರನ್ನೂ ಉಳಿಸುವುದಿಲ್ಲ ಎಂದಷ್ಟನ್ನು ಧೈರ್ಯವಾಗಿ ಹೇಳಬಹುದು. ಮನೆಯಲ್ಲಿ ಹೇಳಲಾಗದವರಿಗೆ 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಬಾಯಿ ಬಿಡದ ಗಂಡಸಿನ ಲೆಕ್ಕಾಚಾರವನ್ನು ಮೂರ್ಖತನ ಎಂದು ತಳ್ಳಿಹಾಕಲಾಗದು. ಹೇಳಿದರೆ ಅವಳ ಕಣ್ಣಲ್ಲಿ ಸಣ್ಣವನಾಗುತ್ತೇನೆ, ಮಕ್ಕಳ ಎದುರು ಮಾತು ನಡೆಯುವುದಿಲ್ಲ, ಅವಳ ತವರಿಗೆ ಸುದ್ದಿ ಮುಟ್ಟುತ್ತದೆ ಎಂಬ ಅವನ ಭಯಕ್ಕೆ ಅನುಭವದ ಆಧಾರ ಇರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ ಮತ್ತು ಸಂಗಡಿಗರು 1966ರಲ್ಲಿ ನಡೆಸಿದ ಒಂದು ಪ್ರಯೋಗವೂ ಈ ಭಯಕ್ಕೆ ಸ್ವಲ್ಪ ಸಾಕ್ಷಿ ನುಡಿಯುತ್ತದೆ. ರಸಪ್ರಶ್ನೆಯ ಸ್ಪರ್ಧಿಯೊಬ್ಬನ ಧ್ವನಿಮುದ್ರಣವನ್ನು ವಿದ್ಯಾರ್ಥಿಗಳಿಗೆ ಕೇಳಿಸಿದರು. ಬಹುತೇಕ ಎಲ್ಲಕ್ಕೂ ಸರಿ ಉತ್ತರ ಕೊಟ್ಟ ಸ್ಪರ್ಧಿ ಕೊನೆಯಲ್ಲಿ ಮೈಮೇಲೆ ಕಾಫಿ ಚೆಲ್ಲಿಕೊಂಡರೆ ಕೇಳುವವರಿಗೆ ಅವನು ಇನ್ನಷ್ಟು ಇಷ್ಟವಾದ. ಅರ್ಧಕ್ಕರ್ಧವೂ ಸರಿ ಹೇಳದವನು ಅದೇ ಕಾಫಿ ಚೆಲ್ಲಿಕೊಂಡರೆ ಇದ್ದ ಇಷ್ಟವೂ ಕಡಿಮೆಯಾಯಿತು. ಬಲ ಇದ್ದವನ ದೌರ್ಬಲ್ಯ ಅವನನ್ನು ಹತ್ತಿರ ತರುತ್ತದೆ, ಬಲ ಇಲ್ಲದವನದು ಅವನನ್ನು ಇನ್ನಷ್ಟು ಕೆಳಗೆ ನೂಕುತ್ತದೆ. ಬೆಳೆ ಹೋದವನಿಗೆ, ಕೆಲಸ ಹೋದವನಿಗೆ ಈ ಸತ್ಯ ಪ್ರಯೋಗ ಇಲ್ಲದೆಯೇ ಗೊತ್ತು. ‘ಮನಸ್ಸು ಬಿಚ್ಚಿ ಮಾತಾಡಿ, ಎಲ್ಲ ಸರಿಹೋಗುತ್ತದೆ’ ಎಂಬ ಉಪದೇಶ ಅವನ ಕಿವಿಗೆ ಹೊಟ್ಟೆ ತುಂಬಿದವರ ಮಾತಾಗಿ ಕೇಳಿಸಿದರೆ ತಪ್ಪು ಅವನದಲ್ಲ.

ಆದರೆ ಹೊರಗಿನವರ ಕಣ್ಣು ಬೇರೆ, ಒಟ್ಟಿಗೆ ಬಾಳುವವರ ಕಣ್ಣು ಬೇರೆ. ಆ ಸ್ಪರ್ಧಿ ಕೇಳುಗರಿಗೆ ಅಪರಿಚಿತ, ಅವನ ಬಗ್ಗೆ ಅವರಿಗೆ ಸಿಕ್ಕಿದ್ದು ಒಂದೇ ಒಂದು ಗಳಿಗೆ. ಇಪ್ಪತ್ತು ವರ್ಷ ಜೊತೆಗೆ ಹೊಲ ಉತ್ತು, ಜೋಳ ಕೊಯ್ದು, ಗುಳೆ ಹೋಗಿ ಬಂದ ಹೆಂಡತಿಗೆ ಗಂಡನ ಬಗ್ಗೆ ತಿಳಿದಿರುವುದು ಒಂದು ಗಳಿಗೆಯಷ್ಟಲ್ಲ. ಅವನು ನಿದ್ದೆ ಬಾರದೆ ಹೊರಳುವುದೂ ಊಟ ಅರ್ಧಕ್ಕೇ ಬಿಡುವುದೂ ಅವಳಿಗೆ ಕಾಣುತ್ತದೆ. ಮುಚ್ಚಿಟ್ಟಿದ್ದೇನೆ ಎಂದು ಅವನು ತಿಳಿದಿರುವುದು ಅವಳಿಗೆ ಆಗಲೇ ಗೊತ್ತಿರುತ್ತದೆ. ಏನು ಎಂದು ಗೊತ್ತಿರುವುದಿಲ್ಲ, ಅಷ್ಟೆ. ಹಾಗಾಗಿ ಮೌನ ಅವಳ ಮುಂದೆ ಅವನ ಬಲವನ್ನು ಕಾಪಾಡುವುದಿಲ್ಲ. ನನ್ನನ್ನು ಇವರು ನಂಬಲಿಲ್ಲ ಎಂಬ ಒಂದೇ ಮಾತನ್ನು ಅವಳಿಗೆ ದಿನವೂ ಹೇಳುತ್ತಿರುತ್ತದೆ. ಮೊದಲು ಒಣಗುವುದು ಪ್ರೀತಿ. ಗೌರವ ಅಭ್ಯಾಸಬಲದಿಂದ ಇನ್ನೂ ಸ್ವಲ್ಪ ದಿನ ನಿಂತಿರುತ್ತದೆ, ತಟ್ಟೆಗೆ ಬಿಸಿ ರೊಟ್ಟಿ ಬೀಳುತ್ತಲೇ ಇರುತ್ತದೆ.

ಜರ್ಮನಿಯ ಮಾನ್‌ಹೈಮ್‌ನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕಂಡುಕೊಂಡದ್ದು ಇದಕ್ಕೆ ಹತ್ತಿರದ ಸಂಗತಿ. ತಪ್ಪೊಪ್ಪಿಕೊಳ್ಳುವುದು, ಸಹಾಯ ಕೇಳುವುದು, ಪ್ರೀತಿಸುತ್ತೇನೆ ಎಂದು ಮೊದಲು ಹೇಳುವುದು ಇಂಥವನ್ನು ತಾವೇ ಮಾಡಬೇಕಾದಾಗ ಜನರಿಗೆ ಅದು ದೌರ್ಬಲ್ಯವಾಗಿ ಕಾಣುತ್ತದೆ. ಇನ್ನೊಬ್ಬರು ಮಾಡಿದಾಗ ಅದೇ ಧೈರ್ಯವಾಗಿ ಕಾಣುತ್ತದೆ. ಅಂದರೆ ನಮ್ಮನ್ನು ಅವರು ಎಷ್ಟು ಕಠಿಣವಾಗಿ ನೋಡಬಹುದು ಎಂದು ನಾವು ಹೆದರುತ್ತೇವೆಯೋ ಅಷ್ಟು ಕಠಿಣವಾಗಿ ಅವರು ನೋಡುವುದಿಲ್ಲ.

ಹಾಗಾದರೆ ಅತ್ತವರೆಲ್ಲರನ್ನೂ ಗೌರವಿಸಬೇಕೆ? ಇಲ್ಲ. ಇಲ್ಲಿ ಹಳಗನ್ನಡದ ಕವಿ ರನ್ನ ನೆರವಿಗೆ ಬರುತ್ತಾನೆ. ಗದಾಯುದ್ಧದಲ್ಲಿ ಕವಿಯ ಆಶ್ರಯದಾತ ಸತ್ಯಾಶ್ರಯನಿಗೆ ಹೋಲಿಕೆಯಾಗಿ ನಿಂತಿರುವವನು ಭೀಮ. ಕಾವ್ಯದ ಇನ್ನೊಂದು ಹೆಸರೇ ಸಾಹಸಭೀಮ ವಿಜಯ. ಆದರೂ ಸಾವಿರ ವರ್ಷಗಳಿಂದ ಕನ್ನಡದ ಓದುಗರ ಮನಸ್ಸನ್ನು ಹಿಡಿದವನು ದುರ್ಯೋಧನ. ಭೀಷ್ಮನನ್ನು ಕಾಣಲು ಸಂಜಯನ ಜೊತೆ ರಣಭೂಮಿಯಲ್ಲಿ ನಡೆಯುತ್ತ, ಬಿದ್ದ ದ್ರೋಣನನ್ನು, ಮಗ ಲಕ್ಷಣನನ್ನು, ತಮ್ಮ ದುಶ್ಶಾಸನನನ್ನು, ಗೆಳೆಯ ಕರ್ಣನನ್ನು ಕಂಡು ಅವನು ಅಳುತ್ತಾನೆ. ಬರೀ ತನ್ನವರಿಗಾಗಿ ಅತ್ತಿದ್ದರೆ ನಮಗೆ ಅನುಕಂಪ ಹುಟ್ಟುತ್ತಿತ್ತು, ಅಷ್ಟೆ. ಅಲ್ಲಿ ಅವನು ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ನಿಂತು ಕೈಮುಗಿಯುತ್ತಾನೆ, ತನಗೂ ಅಂಥ ಸಾವು ಬರಲಿ ಎನ್ನುತ್ತಾನೆ. ಅನುಕಂಪ ಗೌರವವಾಗುವುದು ಅಲ್ಲಿ. ನೋವು ಅವನ ಕಣ್ಣು ಕಟ್ಟುವುದಿಲ್ಲ, ಅವನು ಎಂದೂ ನೋಡದಿದ್ದ ಕಡೆ ನೋಡುವಂತೆ ಮಾಡುತ್ತದೆ.

ನನಗೆ ಇದಕ್ಕಿಂತ ನಂಬಿಕೆಯ ಒರೆಗಲ್ಲು ಸಿಕ್ಕಿಲ್ಲ. ಕೆಲವರ ಅಳುವಿನಲ್ಲಿ ಎದುರಿಗಿದ್ದವರಿಗೂ ಜಾಗ ಇರುತ್ತದೆ, ಕೆಲವರದರಲ್ಲಿ ಇರುವುದಿಲ್ಲ. ದಿನವೂ ಕುಡಿದು ಬಂದು ತನ್ನ ಹಣೆಬರಹವನ್ನು ನೆನೆದು ಅತ್ತು, ಹೆಂಡತಿ ಕೂಲಿ ಮಾಡಿ ತಂದ ದುಡ್ಡನ್ನೇ ಮರುದಿನ ಕೇಳುವ ಗಂಡಸಿನ ಕಣ್ಣೀರೂ ಕಣ್ಣೀರೇ. ಅದರಲ್ಲಿ ನೋವಿಲ್ಲ ಎಂದು ನಾನು ಹೇಳಲಾರೆ. ಆದರೆ ಆ ಕಣ್ಣೀರು ಅವಳನ್ನು ನೋಡುವುದಿಲ್ಲ, ಅವಳಿಂದ ವಸೂಲಿ ಮಾಡುತ್ತದೆ. ಅಂಥವನ ಮೇಲೆ ಅವಳಿಗೆ ಗೌರವ ಉಳಿಯದಿದ್ದರೆ ಅದು ಅವಳ ಕಲ್ಲುಮನಸ್ಸಲ್ಲ. ನಮ್ಮ ಗಾದೆ ಹುಟ್ಟಿದ್ದು ಬಹುಶಃ ಇಂಥ ಅಳುವನ್ನು ಕಂಡೇ. ತಪ್ಪಾದದ್ದು ಎಲ್ಲ ಅಳುವಿಗೂ ಅದೇ ಹಣೆಪಟ್ಟಿ ಹಚ್ಚಿದ್ದು.

ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮ ಇರಿಸಿದ ಸ್ಮಾರಕವಿದೆ. ಅಕ್ಟೋಬರ್ 2ಕ್ಕೂ ಜನವರಿ 30ಕ್ಕೂ ಅಲ್ಲಿ ಹೂವು ಬೀಳುತ್ತದೆ. ಆ ಬೂದಿಯ ಮನುಷ್ಯ ಹುಡುಗನಾಗಿದ್ದಾಗ ನಡೆದ ಒಂದು ಘಟನೆಯನ್ನು ಈ ಸಾಲದ ಸೀಮೆ ವಿಶೇಷವಾಗಿ ನೆನೆಯಬೇಕು. ಅಣ್ಣ ಸಾಲ ಮಾಡಿಕೊಂಡಿದ್ದ, ಇಪ್ಪತ್ತೈದು ರೂಪಾಯಿಯಷ್ಟು. ಅದನ್ನು ತೀರಿಸಲು ಅಣ್ಣನ ತೋಳಿನ ಚಿನ್ನದ ಕಡಗದಿಂದ ಒಂದು ಚೂರು ಕತ್ತರಿಸಿ ಮಾರಿದರು. ಮೋಹನದಾಸನಿಗೆ ಆಗ ಹದಿನೈದರ ಪ್ರಾಯ. ತಪ್ಪು ಎದೆ ಕೊರೆಯತೊಡಗಿದಾಗ ಬಾಯಿಬಿಟ್ಟು ಹೇಳುವ ಧೈರ್ಯ ಸಾಲದೆ ಎಲ್ಲವನ್ನೂ ಚೀಟಿಯಲ್ಲಿ ಬರೆದು, ಕಾಯಿಲೆಯಿಂದ ಮಲಗಿದ್ದ ತಂದೆಯ ಕೈಗೆ ಕೊಟ್ಟ. ಶಿಕ್ಷೆ ಕೊಡಿ ಎಂದೂ, ನನ್ನ ತಪ್ಪಿಗೆ ನೀವು ನೊಂದುಕೊಳ್ಳಬೇಡಿ ಎಂದೂ ಕೇಳಿಕೊಂಡಿದ್ದ. ಎದ್ದು ಕೂತು ಓದಿದ ತಂದೆಯ ಕಣ್ಣಿಂದ ನೀರು ಇಳಿದು ಚೀಟಿ ತೊಯ್ದಿತು. ಒಂದು ಗಳಿಗೆ ಕಣ್ಣು ಮುಚ್ಚಿ ಯೋಚಿಸಿ, ಚೀಟಿಯನ್ನು ಹರಿದುಹಾಕಿ ಮತ್ತೆ ಮಲಗಿದರು.

ಆ ಕೋಣೆಯಲ್ಲಿ ಇಬ್ಬರೂ ಬಯಲಾಗಿದ್ದರು ಎಂಬುದನ್ನು ಗಮನಿಸಬೇಕು. ಮಗ ತಪ್ಪು ತೋರಿಸಿದ, ತಂದೆ ಕರಮಚಂದ ಗಾಂಧಿ ಕಣ್ಣೀರು ತೋರಿಸಿದರು. ದಿವಾನರಾಗಿದ್ದವರು, ಸಿಟ್ಟಿನ ಸ್ವಭಾವದವರು. ಬೈದಿದ್ದರೆ, ಹೊಡೆದಿದ್ದರೆ ಆ ಮನೆಯಲ್ಲಿ ಯಾರಿಗೂ ಅಚ್ಚರಿಯಾಗುತ್ತಿರಲಿಲ್ಲ. ಅವರ ಅಳುವಿನಿಂದ ತಂದೆಯ ಮೇಲಿನ ಗೌರವ ತಗ್ಗಿತೆ? ಮಗ ಮುಂದೆ ಆತ್ಮಕಥೆಯಲ್ಲಿ ಅದನ್ನು ಅಹಿಂಸೆಯ ಪಾಠವೆಂದು ನೆನೆದ. ಇನ್ನೊಂದನ್ನೂ ನೋಡಬೇಕು. ಹುಡುಗ ಕ್ಷಮೆ ಕೇಳಿ ಸುಮ್ಮನಾಗಲಿಲ್ಲ, ಮುಂದೆ ಕದಿಯುವುದಿಲ್ಲ ಎಂದು ಮಾತು ಕೊಟ್ಟಿದ್ದ. ಕೈಚೆಲ್ಲಿ ಕೂರುವುದಕ್ಕೂ ಕೈಲಾಗಲಿಲ್ಲ ಎಂದು ಹೇಳಿ ಮುಂದಿನ ಭಾರಕ್ಕೆ ಹೆಗಲು ಕೊಡುವುದಕ್ಕೂ ವ್ಯತ್ಯಾಸವಿದೆ.

ಅದೇ ಆತ್ಮಕಥೆಯಲ್ಲಿ ಇನ್ನೊಂದು ತಪ್ಪೊಪ್ಪಿಗೆ ಇದೆ, ಅದನ್ನು ಓದುವಾಗ ನನ್ನ ಮನಸ್ಸು ಅಷ್ಟು ಸುಲಭವಾಗಿ ತಲೆಬಾಗುವುದಿಲ್ಲ. 1898ರಲ್ಲಿ ಡರ್ಬನ್‌ನ ಮನೆಯಲ್ಲಿ, ಜೊತೆಗೆ ವಾಸವಿದ್ದ ಗುಮಾಸ್ತನೊಬ್ಬನ ಮಲಪಾತ್ರೆಯನ್ನು ಕಸ್ತೂರಬಾ ಸಂತೋಷದಿಂದ ಎತ್ತಲಿಲ್ಲ ಎಂದು ಅವರನ್ನು ಕೈಹಿಡಿದು ಗೇಟಿನವರೆಗೆ ಎಳೆದೊಯ್ದದ್ದನ್ನು ಗಾಂಧಿ ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ. ಬರೆದದ್ದು ದೊಡ್ಡತನವೇ. ಓದಿದವರು ಅವರನ್ನು ಇನ್ನಷ್ಟು ಗೌರವಿಸಿದರು. ಆದರೆ ಆ ಗೌರವದಲ್ಲಿ ಕಸ್ತೂರಬಾ ಪಾಲು ಎಷ್ಟು? ಒಪ್ಪಿಕೊಂಡವರ ಹೆಸರು ಬೆಳೆಯಿತು, ಎಳೆಸಿಕೊಂಡವರ ಕಥೆ ಅವರ ಬಾಯಲ್ಲಿ ನಮಗೆ ಸಿಗಲೇ ಇಲ್ಲ. ದೌರ್ಬಲ್ಯವನ್ನು ಹೇಳಿಕೊಳ್ಳುವುದು ಕೂಡ ಒಂದು ಅಧಿಕಾರ. ಅದು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ.

ಈ ಸೀಮೆಗೆ ಅಳುವುದು ಗೊತ್ತಿಲ್ಲವೆಂದಲ್ಲ. ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಎಲ್ಲ ಜಾತಿಯ ಗಂಡಸರು ಸೇರಿ ಕರ್ಬಲಾದಲ್ಲಿ ಮಡಿದವರಿಗಾಗಿ ರಿವಾಯತ್ ಪದ ಹಾಡುತ್ತಾರೆ, ಕಂಠ ಗದ್ಗದವಾಗುತ್ತದೆ, ಯಾರೂ ನಾಚುವುದಿಲ್ಲ. ಮುಸ್ಲಿಂ ಮನೆ ಒಂದೂ ಇಲ್ಲದ ಹಳ್ಳಿಗಳೂ ಮೊಹರಂ ದೇವರು ಕೂರಿಸುತ್ತವೆ. ಇನ್ನು ಮನೆಮನೆಯ ದೇವತೆ ಯಲ್ಲಮ್ಮನದು ಸಂಕಟದ ಕಥೆಯೇ. ಗಂಡನ ಸಂಶಯಕ್ಕೆ ಸಿಕ್ಕಿ, ಶಾಪದ ರೋಗ ಹೊತ್ತು ಕಾಡು ಅಲೆದ, ಮಗನ ಕೊಡಲಿಗೆ ಕೊರಳೊಡ್ಡಿದ ಹೆಣ್ಣು ಅವಳು. ಚೌಡಿಕೆ ಮೀಟುತ್ತ ಆ ಕಥೆ ಹಾಡುವಾಗ ಕೇಳುವವರ ಕಣ್ಣು ಹನಿಯುತ್ತದೆ, ಕೈ ತಾನಾಗಿ ಮುಗಿಯುತ್ತದೆ. ನೊಂದವಳನ್ನೇ ದೇವರ ಜಗಲಿಯ ಮೇಲೆ ಕೂರಿಸಿದ ಜನ ನಾವು. ಹಬ್ಬದಲ್ಲಿ, ಹಾಡಿನಲ್ಲಿ ಇಷ್ಟು ಚೆನ್ನಾಗಿ ಬರುವುದು ಪಡಸಾಲೆಯಲ್ಲಿ ಎದುರಿಗೆ ಕೂತ ಮನುಷ್ಯರ ಬಗ್ಗೆ ಬರುವುದಿಲ್ಲ.

ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರ ಬದುಕು ಇದನ್ನು ಕಟುವಾಗಿ ತೋರಿಸುತ್ತದೆ. ಈಗ ಅವರ ಊರು ಹಗರಿಬೊಮ್ಮನಹಳ್ಳಿಗೆ ಹತ್ತಿರದ ಮರಿಯಮ್ಮನಹಳ್ಳಿ. ಗಂಡಾಗಿ ಹುಟ್ಟಿದ ಮಂಜುನಾಥ ತನ್ನೊಳಗಿನ ಹೆಣ್ಣುತನವನ್ನು ಮುಚ್ಚಿಡಲಾಗದೆ ಹೋದದ್ದು ಹದಿಹರೆಯದಲ್ಲಿ. ಮನೆಯವರು ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿ ದೇವರಿಗೆ ಬಿಟ್ಟರು. ಆಮೇಲೆ ಆ ಮನೆಯಲ್ಲಿ ಜಾಗ ಉಳಿಯಲಿಲ್ಲ. ಸಾಯಲು ಹೊರಟದ್ದು, ಬೀದಿಯಲ್ಲಿ ಭಿಕ್ಷೆ ಬೇಡಿದ್ದು, ಮೈಮೇಲೆ ದೌರ್ಜನ್ಯವಾದದ್ದು, ಎಲ್ಲವನ್ನೂ ಅವರು ಬಹಿರಂಗವಾಗಿ ಹೇಳಿದ್ದಾರೆ. ಅರುಣ್ ಜೋಳದಕೂಡ್ಲಿಗಿಯವರು ಆ ಮಾತುಗಳನ್ನು ‘ನಡುವೆ ಸುಳಿವ ಹೆಣ್ಣು’ ಎಂಬ ಆತ್ಮಕಥೆಯಾಗಿ ನಿರೂಪಿಸಿದ್ದಾರೆ. ತನ್ನ ಒಳಗನ್ನು ತೋರಿಸಿದ ಆ ಮಗುವಿಗೆ ಮೊದಲು ಸಿಕ್ಕಿದ್ದು ಪ್ರೀತಿಯೂ ಅಲ್ಲ, ಗೌರವವೂ ಅಲ್ಲ. ಸತ್ಯ ಹೇಳಿದರೆ ಎಲ್ಲ ಒಳ್ಳೆಯದಾಗುತ್ತದೆ ಎನ್ನುವವರು ಈ ಭಾಗವನ್ನು ದಾಟಿಸಿ ಓದಬಾರದು.

ಅವರ ಬದುಕು ತಿರುಗಿದ್ದು ಗುರು ಕಾಳವ್ವ ಜೋಗತಿಯವರು ಹತ್ತಿರ ಕರೆದಮೇಲೆ. ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿ ನೃತ್ಯ ಕಲಿತರು, ಯಲ್ಲಮ್ಮನಾಟದಲ್ಲಿ ಪಾತ್ರ ಹಾಕಿದರು, ಮೇಳ ಕಟ್ಟಿದರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಆ ಹುದ್ದೆಗೇರಿದ ಮೊದಲ ಲಿಂಗತ್ವ ಅಲ್ಪಸಂಖ್ಯಾತ ವ್ಯಕ್ತಿ. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ರಾಷ್ಟ್ರಪತಿ ರಾಮನಾಥ ಕೋವಿಂದರ ಎದುರು ಸೆರಗು ಹಿಡಿದು ದೃಷ್ಟಿ ತೆಗೆದರು. ಮನೆಯಿಂದ ಹೊರಬಿದ್ದ ಜೀವ ದೇಶದ ಮೊದಲ ಪ್ರಜೆಗೆ ಒಳ್ಳೆಯದಾಗಲಿ ಎಂದು ಹರಸಿತು.

ಅದೇ ನೋವು, ಅದೇ ಮನುಷ್ಯ. ಒಂದು ಕಾಲದಲ್ಲಿ ತಿರಸ್ಕಾರ ತಂದದ್ದು ಇನ್ನೊಂದು ಕಾಲದಲ್ಲಿ ಗೌರವ ತಂದಿತು. ನಡುವೆ ಬದಲಾದದ್ದು ನೋವಲ್ಲ, ಕಾಲೂರಲು ಸಿಕ್ಕ ನೆಲ. ಯಾರೋ ಒಬ್ಬರು ಹತ್ತಿರ ಕರೆದರು, ಕೈಗೊಂದು ಕಲೆ ಕೊಟ್ಟರು, ಹೇಳಿದ್ದನ್ನು ಹೇಳಿದಂತೆಯೇ ಕೇಳಿಸಿಕೊಂಡರು. ಕೇಳಿಸಿಕೊಳ್ಳುವವರು ಆ ನೆಲವನ್ನು ಒದಗಿಸದಿದ್ದರೆ, ಬಾಯಿ ಬಿಡು ಎಂದು ಒತ್ತಾಯಿಸುವುದು ಕ್ರೌರ್ಯ.

ಹೀಗಾಗಿ ಪ್ರಶ್ನೆಯನ್ನು ಹೇಳುವವರಿಗೆ ಮಾತ್ರ ಹಾಕಿ ಕೂರಲಾಗದು. ಗಂಡಸು ಒಮ್ಮೆ ಬಾಯಿ ಬಿಟ್ಟಾಗ ‘ಗಂಡಸಾಗಿ ಹಿಂಗಂತೀಯಲ್ಲೋ’ ಎನ್ನುವ ಅಣ್ಣತಮ್ಮಂದಿರು, ‘ಧೈರ್ಯ ತಗೋ’ ಎಂದು ಮಾತನ್ನು ಅಲ್ಲಿಗೇ ಮುಗಿಸುವ ಗೆಳೆಯರು ಆ ಬಾಯಿಗೆ ಶಾಶ್ವತವಾಗಿ ಬೀಗ ಹಾಕುತ್ತಾರೆ. ಇದಕ್ಕಿಂತ ದೊಡ್ಡ ದ್ರೋಹ ಇನ್ನೊಂದಿದೆ. ನಂಬಿ ಹೇಳಿದ್ದನ್ನು ನೆನಪಿಟ್ಟುಕೊಂಡು ಮುಂದೊಂದು ದಿನದ ಜಗಳದಲ್ಲಿ ಎತ್ತಿ ಹೊಡೆಯುವುದು. ಗಂಡ ಹೆಂಡತಿ ಇಬ್ಬರೂ ಇದನ್ನು ಮಾಡುತ್ತಾರೆ. ಆ ಗಳಿಗೆಯಲ್ಲಿ ಗೌರವ ಕಳೆದುಕೊಳ್ಳಬೇಕಾದವರು ದೌರ್ಬಲ್ಯ ತೋರಿಸಿದವರಲ್ಲ.

ಹೆಂಗಸಿನ ಕಡೆಯಿಂದ ನೋಡಿದರೆ ಲೆಕ್ಕ ಇನ್ನೂ ಬೇರೆ. ಅವಳು ಅತ್ತರೆ ಯಾರೂ ಬೆಚ್ಚುವುದಿಲ್ಲ, ಹೆಂಗಸರು ಅಳುವುದೇ ಸಹಜ ಎಂದು ಮುಂದೆ ಹೋಗುತ್ತಾರೆ. ಅವಳ ಅಳುವಿಗೆ ಅನುಮತಿ ಇದೆ, ಕಿವಿ ಇಲ್ಲ. ಗಂಡನ ಭಾರವನ್ನು ಕೇಳಿಸಿಕೊಳ್ಳಬೇಕಾದವಳೂ ಅವಳೇ, ತನ್ನದನ್ನು ಹೇಳಲು ತವರಿಗೋ ದೇವಸ್ಥಾನಕ್ಕೋ ಹೋಗಬೇಕಾದವಳೂ ಅವಳೇ. ಗಂಡಸರು ಮನಸ್ಸು ಬಿಚ್ಚಬೇಕು ಎನ್ನುವಾಗ ಅದು ಹೆಂಡತಿಯ ಪಾಲಿಗೆ ಇನ್ನೊಂದು ಮನೆಗೆಲಸವಾಗಿ ಬೀಳಬಾರದು. ಹೇಳಿದವನು ಅವಳದನ್ನೂ ಕೇಳಿಸಿಕೊಳ್ಳಲು ಕೂತಿರಬೇಕು.

ಕೇಳುವುದಕ್ಕೆ ಅವಳಿಗಿರುವ ಹಕ್ಕು ಬರಿಯ ಪ್ರೀತಿಯಿಂದ ಬಂದದ್ದೂ ಅಲ್ಲ. ಸ್ತ್ರೀಶಕ್ತಿ ಸಂಘದಲ್ಲಿ, ಸಣ್ಣ ಸಾಲದ ಗುಂಪುಗಳಲ್ಲಿ ಹೆಬ್ಬೆಟ್ಟು ಒತ್ತುವವಳು, ರುಜು ಹಾಕುವವಳು ಹೆಚ್ಚಾಗಿ ಅವಳು. ದುಡ್ಡು ಹೋಗುವುದು ಎಷ್ಟೋ ಸಲ ಗಂಡ ಕೊರೆಸಿದ ಬಾವಿಗೆ, ಗಂಡ ತೀರಿಸಬೇಕಾದ ಹಳೆಯ ಬಾಕಿಗೆ. ವಾರದ ಕಂತಿನ ದಿನ ಗುಂಪಿನ ಹೆಂಗಸರೆದುರು ತಲೆ ತಗ್ಗಿಸಿ ನಿಲ್ಲುವವಳೂ ಅವಳೇ. ಸಾಲದ ಪಾಲು ಅವಳ ಹೆಸರಿಗೆ ಆಗಲೇ ಬರೆದಾಗಿದೆ. ಭಯದ ಪಾಲನ್ನೂ ಅವಳ ಜೊತೆ ಕೂತು ಮಾತಾಡಬೇಕು, ಅದೂ ಕಾಗದಕ್ಕೆ ರುಜು ಬೀಳುವ ಮೊದಲೇ.